ದುಬೈಯಾ, ಜರ್ಮನಿಯಾ? ಚಿಕ್ಕ ಮಕ್ಕಳಿರುವ ನಮ್ಮೂರ ಸಂಸಾರಕ್ಕೆ ಒಂದು ಹೋಲಿಕೆ

ದುಬೈಯಿಂದ ಒಂದು ಆಫರ್, ಜರ್ಮನಿಯಿಂದ ಇನ್ನೊಂದು, ಯಾವುದಕ್ಕೆ ಹೂಂ ಅನ್ನುವುದು? ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು. ಗಲ್ಫ್ ನಮಗೆ ಹೊಸತಲ್ಲ, ಪ್ರತಿ ಮನೆಯಲ್ಲೂ ಒಬ್ಬ ಮಾವನೋ ದೊಡ್ಡಪ್ಪನೋ ಅಲ್ಲಿ ಇದ್ದು ಬಂದವರು. ಜರ್ಮನಿ ಈಚಿನದು. ಐಟಿಯವರು ಬ್ಲೂ ಕಾರ್ಡ್ (ಓದಿದವರಿಗೆ ಕೊಡುವ ಕೆಲಸ ಮತ್ತು ವಾಸದ ಪರವಾನಗಿ) ಮೇಲೆ ಹೋಗುತ್ತಾರೆ, ನರ್ಸಿಂಗ್ ಮುಗಿಸಿದವರು ಭಾಷೆ ಕಲಿತು ಹೋಗುತ್ತಾರೆ. ನಾವು ಮೊದಲು ದುಬೈಯಲ್ಲಿದ್ದು, ಆಮೇಲೆ ಜರ್ಮನಿಗೆ ಹೋಗಿ, ಈಗ ಮಣಿಪಾಲಕ್ಕೆ ವಾಪಸ್ ಬಂದವರು. ಹಾಗಾಗಿ ಸಂಬಂಧಿಕರ ಮಕ್ಕಳೆಲ್ಲ ನನ್ನನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸಂಬಳ ನೋಡಿ ದೇಶ ಆರಿಸಬೇಡಿ. ಒಂದು ಸಾಮಾನ್ಯ ವಾರದ ದಿನ ಹೇಗಿರುತ್ತದೆ ಅಂತ ನೋಡಿ. ಬೆಳಿಗ್ಗೆ ಮಗುವನ್ನು ಯಾರು ಬಿಡುತ್ತಾರೆ, ಸಂಜೆ ಯಾರು ಕರೆದುಕೊಂಡು ಬರುತ್ತಾರೆ, ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ, ಅಜ್ಜಿ ಬರಬೇಕು ಅಂದರೆ ಎಷ್ಟು ಬೇಗ ಬರಬಹುದು. ಊರಿನಲ್ಲಿ ಇದನ್ನೆಲ್ಲ ಅಮ್ಮ, ಅತ್ತೆ, ಪಕ್ಕದ ಮನೆಯವರು ಹಂಚಿಕೊಳ್ಳುತ್ತಾರೆ. ನಮಗೆ ಲೆಕ್ಕ ಹಾಕುವ ಅಗತ್ಯವೇ ಬಂದಿರುವುದಿಲ್ಲ. ಅಲ್ಲಿ ಹೋದ ಮೊದಲ ವಾರವೇ ಈ ಲೆಕ್ಕ ಎದುರಿಗೆ ಬಂದು ನಿಲ್ಲುತ್ತದೆ.

ದುಡ್ಡಿನ ಲೆಕ್ಕ, ಬೇಗ ಮುಗಿಸೋಣ

ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಜರ್ಮನಿಯಲ್ಲಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಹೋಗಿ ಕೈಗೆ ಬರುವಾಗ ಮೂರನೇ ಒಂದು ಭಾಗದ ಆಸುಪಾಸು ಕಳೆದಿರುತ್ತದೆ. ಇಷ್ಟೇ ನೋಡಿದರೆ ದುಬೈ ಗೆದ್ದಿತು. ಆದರೆ ಮಗು ಶಾಲೆಗೆ ಸೇರಿದ ಮೇಲೆ ಲೆಕ್ಕ ಬದಲಾಗುತ್ತದೆ. ಅಲ್ಲಿ ನಮ್ಮ ಮಕ್ಕಳು ಹೋಗುವುದು ಖಾಸಗಿ ಶಾಲೆಗೆ, ಫೀಸು, ಬಸ್ಸು, ಪುಸ್ತಕ ಎಲ್ಲ ನಿಮ್ಮದೇ. ಭಾರತೀಯ ಪಠ್ಯದ ಶಾಲೆ ಬ್ರಿಟಿಷ್ ಶಾಲೆಗಿಂತ ಅಗ್ಗ, ಆದರೂ ಎರಡು ಮಕ್ಕಳಿದ್ದರೆ ಭಾರ ಗೊತ್ತಾಗುತ್ತದೆ. ಜರ್ಮನಿಯಲ್ಲಿ ಸರಕಾರಿ ಶಾಲೆಗೆ ಫೀಸೇ ಇಲ್ಲ, ಮೇಲಿನಿಂದ ಮಗುವೊಂದಕ್ಕೆ ತಿಂಗಳು ತಿಂಗಳು ಕಿಂಡರ್‌ಗೆಲ್ಡ್ ಅಂತ ಸರಕಾರವೇ ದುಡ್ಡು ಹಾಕುತ್ತದೆ. 2025ರಲ್ಲಿ ಅದು 255 ಯೂರೋ ಇತ್ತು. ಕೆಲಸ ಮಾಡದ ಹೆಂಡತಿ ಅಥವಾ ಗಂಡ, ಮಕ್ಕಳು, ಎಲ್ಲರೂ ಒಬ್ಬರ ಸರಕಾರಿ ಆರೋಗ್ಯ ವಿಮೆಯಲ್ಲೇ ಸೇರಿಕೊಳ್ಳುತ್ತಾರೆ, ಬೇರೆ ಕಂತು ಇಲ್ಲ. ದುಬೈಯಲ್ಲಿ ಕಂಪನಿ ನಿಮಗೆ ವಿಮೆ ಕೊಡಲೇಬೇಕು, ಹೆಂಡತಿ ಮಕ್ಕಳಿಗೆ ಕೊಡಬೇಕು ಅಂತ ಇಲ್ಲ. ಆಫರ್ ಲೆಟರ್‌ನಲ್ಲಿ ಇದನ್ನು ಕಣ್ಣಿಟ್ಟು ನೋಡಿ. ಜೊತೆಗೆ ಶಾಲೆಯ ಫೀಸು ಕೊಡುತ್ತಾರಾ, ವರ್ಷಕ್ಕೊಮ್ಮೆ ಇಡೀ ಮನೆಯವರಿಗೆ ಟಿಕೆಟ್ ಇದೆಯಾ ಅಂತಲೂ ಕೇಳಿ. ಈ ಮೂರೂ ಇದ್ದರೆ ದುಬೈ ಒಳ್ಳೆಯ ಆಫರ್. ಮೂರೂ ಇಲ್ಲದಿದ್ದರೆ ದೊಡ್ಡ ಸಂಬಳವೂ ಸಣ್ಣದಾಗುತ್ತದೆ.

ಇನ್ನೊಂದು ವಿಷಯ. ಯುಎಇಯಲ್ಲಿ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ: ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಲೆಕ್ಕ ಆಗುವುದು ಮೂಲ ವೇತನದ ಮೇಲೆ ಮಾತ್ರ. ಒಟ್ಟು ಸಂಬಳ ದೊಡ್ಡದಾಗಿ ತೋರಿಸಿ ಬೇಸಿಕ್ ಸಣ್ಣದಾಗಿ ಇಟ್ಟಿದ್ದರೆ ಆಗಲೇ ಮಾತಾಡಿ.

ಮನೆ ಹುಡುಕುವುದು

ಎರಡೂ ಕಡೆ ಕಷ್ಟವೇ, ಕಷ್ಟದ ಬಗೆ ಬೇರೆ. ದುಬೈಯಲ್ಲಿ ಮನೆ ಸಿಗುತ್ತದೆ, ದುಡ್ಡು ಒಟ್ಟಿಗೆ ಬೇಕು. ಬಾಡಿಗೆ ವರ್ಷದ ಲೆಕ್ಕ, ಅದನ್ನು ಕೆಲವೇ ಮುಂದಿನ ತಾರೀಖಿನ ಚೆಕ್‌ಗಳಲ್ಲಿ ಕೊಡಬೇಕು. ಇದರ ಮೇಲೆ ಸಾಮಾನ್ಯವಾಗಿ 5% ಡೆಪಾಸಿಟ್, ಏಜೆಂಟನಿಗೆ ಇನ್ನೊಂದು 5%, ಕರೆಂಟು ನೀರಿಗೆ ಫ್ಲ್ಯಾಟ್ ಆದರೆ 2000 ದಿರ್ಹಂ ಠೇವಣಿ. ಊರಿನಿಂದ ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಂಡೇ ಹೋಗಬೇಕು. ಶಾರ್ಜಾದಲ್ಲಿ ಬಾಡಿಗೆ ಕಡಿಮೆ ಅಂತ ಅಲ್ಲಿ ಮನೆ ಮಾಡಿ ದುಬೈಗೆ ಕೆಲಸಕ್ಕೆ ಹೋಗುವವರು ತುಂಬಾ ಜನ. ಮಗು ಚಿಕ್ಕದಿದ್ದರೆ ನಾನು ಅದಕ್ಕೆ ಒಪ್ಪುವುದಿಲ್ಲ. ಬೆಳಿಗ್ಗೆ ಸಂಜೆ ಆ ರಸ್ತೆಯ ಟ್ರಾಫಿಕ್‌ನಲ್ಲಿ ಅಪ್ಪ ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ಉಳಿದ ದುಡ್ಡಿಗೆ ಅಷ್ಟು ಬೆಲೆ ಇಲ್ಲ.

ಜರ್ಮನಿಯಲ್ಲಿ ದುಡ್ಡಿದ್ದರೂ ಮನೆ ಸಿಗುವುದಿಲ್ಲ. ದೊಡ್ಡ ಊರುಗಳಲ್ಲಿ ಒಂದು ಮನೆಗೆ ಹತ್ತಾರು ಜನ ಸಾಲು ನಿಂತಿರುತ್ತಾರೆ. ಮೂರು ತಿಂಗಳ ಸಂಬಳದ ಚೀಟಿ, ಸಾಲ ಬಾಕಿ ಉಳಿಸಿಕೊಂಡವರಲ್ಲ ಅನ್ನುವ ದಾಖಲೆ ಎಲ್ಲ ಕೇಳುತ್ತಾರೆ, ಹೊಸದಾಗಿ ಬಂದವರ ಹತ್ತಿರ ಎರಡೂ ಇರುವುದಿಲ್ಲ ಅಲ್ವಾ. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ಖಾಲಿ ಗೋಡೆ, ಒಲೆ, ಸಿಂಕ್, ಕಪಾಟು ಎಲ್ಲ ನಾವೇ ಹಾಕಿಸಬೇಕು. ಜಾಹೀರಾತಿನಲ್ಲಿ ಕಾಣುವುದು ಹೆಚ್ಚಾಗಿ ‘ಕಾಲ್ಟ್’ ಬಾಡಿಗೆ, ಹೀಟಿಂಗ್, ನೀರು, ಕಸದ ಖರ್ಚು ಬೇರೆ. ಡೆಪಾಸಿಟ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಕಾನೂನು. ಮನೆಗೆ ಹೋದ ಎರಡು ವಾರದೊಳಗೆ ಊರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆ ಕಾಗದ ಇಲ್ಲದೆ ತೆರಿಗೆ ನಂಬರು, ಕಿಂಡರ್‌ಗೆಲ್ಡ್ ಎಲ್ಲ ನಿಂತುಬಿಡುತ್ತದೆ. ಹಾಗಾಗಿ ಕಂಪನಿ ಮೊದಲ ಕೆಲವು ತಿಂಗಳು ಇರಲು ಜಾಗ ಕೊಟ್ಟರೂ, ಅಲ್ಲಿ ನೋಂದಣಿ ಮಾಡಿಸಬಹುದಾ ಅಂತ ಮೊದಲೇ ಬರೆದು ಕೇಳಿ.

ಮಗು ಹಗಲು ಎಲ್ಲಿರುತ್ತದೆ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು.

ದುಬೈಯಲ್ಲಿ ಕೆಜಿಗೆ ಮೊದಲು ನರ್ಸರಿ, ಅದು ಖಾಸಗಿ, ಬೆಲೆ ಜಾಸ್ತಿ. ಕೆಲಸಕ್ಕೆ ಹೋಗುವ ಅಮ್ಮಂದಿರು ಕೆಲವರು ಮನೆ ಕೆಲಸದವರನ್ನು ಇಟ್ಟುಕೊಳ್ಳುತ್ತಾರೆ. ಅದಕ್ಕೆ ಅಲ್ಲಿ ಕಟ್ಟುನಿಟ್ಟಿನ ನಿಯಮ ಇದೆ, ವೀಸಾ ಕೊಟ್ಟು ಇಟ್ಟುಕೊಳ್ಳಬೇಕು, ಇಲ್ಲವಾದರೆ ಪರವಾನಗಿ ಇರುವ ಏಜೆನ್ಸಿಯಿಂದಲೇ ಕರೆಸಬೇಕು. ಪರಿಚಯದವರು ಅಂತ ಸುಮ್ನೆ ಕರೆದರೆ ದೊಡ್ಡ ದಂಡ. ಕೆಜಿಗೆ ಸೇರಿದ ಮೇಲೆ ಎಲ್ಲ ನಮಗೆ ಗೊತ್ತಿರುವ ಹಾಗೇ: ಏಪ್ರಿಲ್‌ನಲ್ಲಿ ಶುರು, ಯೂನಿಫಾರ್ಮ್, ಹೋಮ್‌ವರ್ಕ್, ಅಕ್ಷರ ಬರೆಸುವುದು. ನಾಳೆ ಊರಿಗೆ ಬಂದರೂ ಮಂಗಳೂರಿನ ಸಿಬಿಎಸ್‌ಇ ಶಾಲೆಗೆ ಮಗು ಸಲೀಸಾಗಿ ಸೇರಿಕೊಳ್ಳುತ್ತದೆ. ಐದಾರು ವರ್ಷ ದುಡಿದು ವಾಪಸ್ ಬರುವ ಯೋಚನೆ ಇದ್ದರೆ ಇದು ಬಹಳ ದೊಡ್ಡ ಅನುಕೂಲ.

ಜರ್ಮನಿಯಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಕಿಟಾದಲ್ಲೋ (ಶಾಲೆಗೆ ಮೊದಲಿನ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ) ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಹತ್ತಿರವೋ ಜಾಗ ಕೊಡಬೇಕು ಅಂತ 2013ರ ಆಗಸ್ಟ್‌ನಿಂದ ಕಾನೂನೇ ಇದೆ. ಬರ್ಲಿನ್‌ನಲ್ಲಿ ಕಿಟಾಗೆ ಫೀಸಿಲ್ಲ, ಊಟಕ್ಕೆ ಮಾತ್ರ ಸ್ವಲ್ಪ ಕೊಡಬೇಕು. ಬೇರೆ ರಾಜ್ಯಗಳಲ್ಲಿ ಊರಿನ ಮೇಲೆ, ನಿಮ್ಮ ಆದಾಯದ ಮೇಲೆ ಬದಲಾಗುತ್ತದೆ. ಆದರೆ ಹಕ್ಕಿದೆ ಅಂದ ಮಾತ್ರಕ್ಕೆ ಜಾಗ ಸಿಕ್ಕಿಬಿಡುವುದಿಲ್ಲ. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆಫರ್ ಕೈಗೆ ಬಂದ ಕೂಡಲೇ, ಇನ್ನೂ ಊರಿನಲ್ಲಿ ಇರುವಾಗಲೇ, ಆ ಊರಿನ ಕಿಟಾಗಳಿಗೆ ಇಮೇಲ್ ಹಾಕಲು ಶುರು ಮಾಡಿ.

ಜಾಗ ಸಿಕ್ಕಿದ ಮೇಲೂ ಮೊದಲ ದಿನವೇ ಮಗುವನ್ನು ಬಿಟ್ಟು ಕೆಲಸಕ್ಕೆ ಓಡುವಂತಿಲ್ಲ. ಹೊಂದಿಕೊಳ್ಳಲು ಕೆಲವು ವಾರ ಇಡುತ್ತಾರೆ. ಮೊದಲ ದಿನಗಳಲ್ಲಿ ಅಮ್ಮನೋ ಅಪ್ಪನೋ ಅಲ್ಲೇ ಮೂಲೆಯಲ್ಲಿ ಕೂತಿರಬೇಕು, ಆಮೇಲೆ ಹತ್ತು ನಿಮಿಷ ಹೊರಗೆ, ಆಮೇಲೆ ಅರ್ಧ ಗಂಟೆ, ಹೀಗೆ ನಿಧಾನ. ನಮ್ಮಲ್ಲಿ ಅಂಗನವಾಡಿಯ ಬಾಗಿಲಲ್ಲಿ ಅಳುವ ಮಗುವನ್ನು ಟೀಚರ್ ಕೈಗೆ ಕೊಟ್ಟು ಹಿಂದಿರುಗಿ ನೋಡದೆ ಬರುವುದು ರೂಢಿ. ಅಲ್ಲಿಯ ಕ್ರಮ ನನಗೆ ತುಂಬಾ ಹಿಡಿಸಿತು. ಭಾಷೆಯೇ ಗೊತ್ತಿಲ್ಲದ ಮಗು ಅಲ್ಲವೇ, ಅದಕ್ಕೆ ಅಷ್ಟು ಸಮಯ ಬೇಕು. ಆದರೆ ಗಂಡ ಹೆಂಡತಿ ಇಬ್ಬರೂ ಒಂದೇ ತಿಂಗಳು ಕೆಲಸಕ್ಕೆ ಸೇರಿಬಿಟ್ಟರೆ ಈ ವಾರಗಳು ನರಕ ಆಗುತ್ತವೆ. ಒಬ್ಬರು ಎರಡು ತಿಂಗಳು ತಡವಾಗಿ ಸೇರಿ.

ಕಿಟಾದಲ್ಲಿ ಅಕ್ಷರ ಕಲಿಸುವುದಿಲ್ಲ ಅಂತ ಊರಿನ ಅಜ್ಜಂದಿರಿಗೆ ಚಿಂತೆ. ಆರು ವರ್ಷಕ್ಕೆ ಶಾಲೆ ಶುರುವಾಗುವ ತನಕ ಆಟ, ಹಾಡು, ಮಣ್ಣು, ಕತ್ತರಿ, ಅಂಟು. ಮಳೆ ಬಂದರೆ ಒಳಗೆ ಕೂರಿಸುವುದೂ ಇಲ್ಲ. ಮಳೆ ಪ್ಯಾಂಟು, ಗಮ್‌ಬೂಟು ಹಾಕಿ ಹೊರಗೇ ಬಿಡುತ್ತಾರೆ. ಆ ಎರಡು ಸಾಮಾನು ಮೊದಲ ವಾರವೇ ತೆಗೆದುಕೊಳ್ಳಿ, ಹೆಸರು ಬರೆದಿಡಿ.

ಜರ್ಮನಿಗೆ ಹೋಗುವವರು ಮಗುವಿನ ವಯಸ್ಸಿನ ಬಗ್ಗೆ ಇದನ್ನು ತಿಳಿದಿರಲೇಬೇಕು. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದ ಮೇಲೆ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗೆ ಕಳಿಸುತ್ತಾರೆ, ಯೂನಿವರ್ಸಿಟಿ ಕಡೆಗೆ ನೇರ ದಾರಿ ಗಿಮ್ನಾಜಿಯಂ ಅನ್ನುವ ಬಗೆಯ ಶಾಲೆಯಿಂದ. ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಲ್ಲಿ ಆರನೇ ತರಗತಿ ತನಕ ಸಮಯ ಇದೆ. ಮೂರು ನಾಲ್ಕು ವರ್ಷದ ಮಗುವಾದರೆ ಭಾಷೆ ತಾನಾಗೇ ಬರುತ್ತದೆ, ಭಯವೇ ಇಲ್ಲ. ಮೂರನೇ ಕ್ಲಾಸಿನ ಮಗುವನ್ನು ಕರೆದುಕೊಂಡು ಹೋದರೆ ಹೊಸ ಭಾಷೆ ಕಲಿಯುತ್ತಿರುವಾಗಲೇ ಆ ನಿರ್ಧಾರ ಬಂದುಬಿಡುತ್ತದೆ. ಮುಂದೆ ದಾರಿ ಬದಲಿಸಬಹುದು, ಆದರೆ ಸುಲಭ ಅಲ್ಲ. ಎಂಟು ಒಂಬತ್ತು ವರ್ಷದ ಮಕ್ಕಳಿರುವವರಿಗೆ ನಾನು ದುಬೈಯನ್ನೇ ಹೇಳುತ್ತೇನೆ.

ಜ್ವರ ಬಂದ ದಿನ

ದುಬೈಯಲ್ಲಿ ಕ್ಲಿನಿಕ್ ಹತ್ತಿರವೇ ಇರುತ್ತದೆ, ರಾತ್ರಿಯೂ ತೆರೆದಿರುವುದು ಸಿಗುತ್ತದೆ. ಡಾಕ್ಟರು ಹಿಂದಿಯೋ ಮಲಯಾಳವೋ ಮಾತಾಡುತ್ತಾರೆ, ಅದೃಷ್ಟ ಇದ್ದರೆ ತುಳುವೇ. ಮದ್ದೂ ಊರಿನ ಹಾಗೆ ಧಾರಾಳ. ತೊಡಕು ರಜೆಯದ್ದು. ಮಗುವಿಗೆ ಹುಷಾರಿಲ್ಲ ಅಂತ ಕಂಪನಿ ರಜೆ ಕೊಡುವುದು ಅವರ ಮನಸ್ಸಿಗೆ ಬಿಟ್ಟದ್ದು, ಹೆಚ್ಚಾಗಿ ನಿಮ್ಮ ವಾರ್ಷಿಕ ರಜೆಯೇ ಕರಗುತ್ತದೆ.

ಜರ್ಮನಿಯಲ್ಲಿ ನೇರ ಉಲ್ಟಾ. ಮಕ್ಕಳ ಡಾಕ್ಟರೇ ಸಿಗುವುದಿಲ್ಲ. ಫೋನ್ ಮಾಡಿದರೆ ಹೊಸಬರನ್ನು ತಗೊಳ್ಳುವುದಿಲ್ಲ ಅನ್ನುತ್ತಾರೆ. ಹೋದ ಮೊದಲ ತಿಂಗಳೇ, ಮಗು ಚೆನ್ನಾಗಿ ಇರುವಾಗಲೇ, ಒಬ್ಬರ ಹತ್ತಿರ ಹೆಸರು ಹಚ್ಚಿ. ಸಂಜೆ, ಭಾನುವಾರ ಡಾಕ್ಟರು ಬೇಕಾದರೆ 116117ಕ್ಕೆ ಫೋನ್ ಮಾಡಿ, ತುರ್ತು ಇದ್ದರೆ 112. ಸಾಮಾನ್ಯ ಜ್ವರಕ್ಕೆ ನೀರು ಕುಡಿಸಿ, ಮಲಗಿಸಿ ಅಂತಷ್ಟೇ ಹೇಳಿ ಕಳಿಸುತ್ತಾರೆ, ಆ್ಯಂಟಿಬಯೋಟಿಕ್ ಸುಲಭಕ್ಕೆ ಬರೆಯುವುದಿಲ್ಲ. ಆದರೆ ರಜೆಯ ವಿಷಯದಲ್ಲಿ ಆ ದೇಶಕ್ಕೆ ಕೈ ಮುಗಿಯಬೇಕು. ಸರಕಾರಿ ವಿಮೆ ಇದ್ದರೆ, 12 ವರ್ಷದೊಳಗಿನ ಮಗುವಿಗೆ ಹುಷಾರಿಲ್ಲದಾಗ ಮನೆಯಲ್ಲಿ ಇರಲು ಅಪ್ಪ ಅಮ್ಮ ಒಬ್ಬೊಬ್ಬರಿಗೂ 2024 ಮತ್ತು 2025ರಲ್ಲಿ ಮಗುವೊಂದಕ್ಕೆ ವರ್ಷಕ್ಕೆ 15 ದಿನ ಇತ್ತು. ಕಳೆದುಕೊಂಡ ಸಂಬಳದ ದೊಡ್ಡ ಭಾಗವನ್ನು ವಿಮೆಯವರೇ ಕೊಡುತ್ತಾರೆ. ಕಿಟಾಕ್ಕೆ ಹೋಗುವ ಮೊದಲ ಚಳಿಗಾಲ ಮಕ್ಕಳು ಬಿಟ್ಟೂ ಬಿಡದೆ ನೆಗಡಿ ಹಿಡಿಸಿಕೊಳ್ಳುತ್ತಾರೆ, ಈ ದಿನಗಳು ಪೂರ್ತಿ ಖರ್ಚಾಗುತ್ತವೆ. ಮಗುವಿಗೆ ಹುಷಾರಿಲ್ಲ ಅಂತ ಅಪ್ಪ ರಜೆ ಹಾಕಿದರೆ ಆಫೀಸಿನಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನಮ್ಮ ಮನೆಯಲ್ಲಿ ಮಗುವಿನ ಔಷಧಿಯ ಲೆಕ್ಕ ಗಂಡನಿಗೂ ಗೊತ್ತಾದದ್ದು ಅಲ್ಲಿಯೇ.

ಎರಡನೇ ಮಗು, ಬಾಣಂತನ

ಯುಎಇಯಲ್ಲಿ ಖಾಸಗಿ ಕೆಲಸದವರಿಗೆ ಹೆರಿಗೆ ರಜೆ 60 ದಿನ, ಅದರಲ್ಲಿ 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ. ಎರಡು ತಿಂಗಳ ಕೂಸನ್ನು ಬಿಟ್ಟು ಹೋಗಬೇಕು. ಜರ್ಮನಿಯಲ್ಲಿ ಹೆರಿಗೆಗೆ ಮೊದಲು 6 ವಾರ, ಆಮೇಲೆ 8 ವಾರ ರಕ್ಷಣೆ. ಅದು ಮುಗಿದ ಮೇಲೂ ಮಗುವಿಗೆ ಮೂರು ವರ್ಷ ಆಗುವ ತನಕ ಕೆಲಸ ಉಳಿಸಿಕೊಂಡೇ ರಜೆಯಲ್ಲಿ ಇರಬಹುದು, ಮೊದಲ ವರ್ಷ ಪೋಷಕರ ಭತ್ಯೆಯೂ ಬರುತ್ತದೆ, ತಿಂಗಳಿಗೆ 1800 ಯೂರೋ ತನಕ. ಜೊತೆಗೆ ಸೂಲಗಿತ್ತಿ ಮನೆಗೇ ಬಂದು ತಾಯಿಯನ್ನೂ ಮಗುವನ್ನೂ ನೋಡಿ ಹೋಗುತ್ತಾಳೆ, ಖರ್ಚು ವಿಮೆಯದ್ದು. ಇದು ನನಗೆ ಊರಿನ ಹಳೆಯ ಕ್ರಮದ ಹಾಗೇ ಕಂಡಿತು. ಆದರೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದು, ಬಾಣಂತಿ ಮದ್ದು, ರಾತ್ರಿ ಎದ್ದು ಮಗುವನ್ನು ಎತ್ತಿಕೊಳ್ಳುವ ಅಮ್ಮ, ಇದು ಯಾವ ವಿಮೆಯಲ್ಲೂ ಬರುವುದಿಲ್ಲ.

ಅಲ್ಲಿಗೇ ಅಜ್ಜ ಅಜ್ಜಿಯ ವಿಷಯ ಬರುತ್ತದೆ. ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಹತ್ತಿದರೆ ನಾಲ್ಕು ಗಂಟೆಯೊಳಗೆ ದುಬೈ, ನೇರ ವಿಮಾನ. ಯಾವತ್ತೂ ವಿಮಾನ ಹತ್ತದ ಅತ್ತೆಯೂ ಒಬ್ಬರೇ ಬಂದುಬಿಡಬಹುದು. ಒಂದೇ ಜಾಗ್ರತೆ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ 2022ರ ನವೆಂಬರ್‌ನಿಂದ ಯುಎಇ ವಿಸಿಟ್ ವೀಸಾಕ್ಕೆ ತೊಡಕಾಗುತ್ತದೆ. ನಮ್ಮ ಕಡೆಯ ಹಿರಿಯ ಹೆಂಗಸರ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಇರುವುದೇ ಕಡಿಮೆ, ಈಗಲೇ ತೆಗೆದು ನೋಡಿ. ಜರ್ಮನಿಗೆ ಬರಲು ಅವರಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು, 180 ದಿನದಲ್ಲಿ ಹೆಚ್ಚೆಂದರೆ 90 ದಿನ. ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು, ಮಂಗಳೂರಿನಿಂದ ಬೆಂಗಳೂರೋ ಮುಂಬೈಯೋ ದಾಟಿ ಹೋಗಬೇಕು, ಬೆಂಗಳೂರಿನಿಂದಲೇ ಫ್ರಾಂಕ್‌ಫರ್ಟ್‌ಗೆ ಸುಮಾರು ಹತ್ತು ಗಂಟೆ. ಊರಿನಲ್ಲಿ ಅಪ್ಪನಿಗೆ ಎದೆನೋವು ಅಂತ ಫೋನ್ ಬಂದ ರಾತ್ರಿ ಈ ವ್ಯತ್ಯಾಸ ಏನು ಅಂತ ನನಗೆ ಗೊತ್ತಾಗಿದೆ. ದುಬೈಯಲ್ಲಿದ್ದವರು ಮರುದಿನ ಬೆಳಿಗ್ಗೆ ಕಂಕನಾಡಿಯ ಆಸ್ಪತ್ರೆಯಲ್ಲಿ ಇರಬಹುದು. ಮನೆಯಲ್ಲಿ ಒಬ್ಬನೇ ಮಗನೋ ಒಬ್ಬಳೇ ಮಗಳೋ ಆಗಿದ್ದು, ಹೆತ್ತವರಿಗೆ ವಯಸ್ಸಾಗಿದ್ದರೆ ಇದನ್ನು ಹಗುರವಾಗಿ ತಗೊಳ್ಳಬೇಡಿ.

ಹೆಂಡತಿಯ ಕೆಲಸ

ಬಿ.ಎಡ್. ಮಾಡಿದವರು, ಅಕೌಂಟ್ಸ್ ಗೊತ್ತಿರುವವರು ದುಬೈಯಲ್ಲಿ ಇಂಗ್ಲಿಷ್ ಹಿಂದಿಯಲ್ಲೇ ಕೆಲಸ ಹುಡುಕಬಹುದು. ಭಾರತೀಯ ಶಾಲೆಯಲ್ಲಿ ಟೀಚರ್ ಆದರೆ ಕೆಲವು ಕಡೆ ಮಗುವಿನ ಫೀಸಿನಲ್ಲೂ ರಿಯಾಯಿತಿ. ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ಜರ್ಮನಿಯಲ್ಲಿ ಮೊದಲ ದಿನದಿಂದ ಕೆಲಸ ಮಾಡುವ ಅನುಮತಿ ಇದೆ, ಹೋಗುವ ಮೊದಲು ಭಾಷಾ ಪರೀಕ್ಷೆಯೂ ಬೇಡ. ಆದರೆ ಅನುಮತಿ ಒಂದು, ಕೆಲಸ ಇನ್ನೊಂದು. ಐಟಿ ಬಿಟ್ಟರೆ ಜರ್ಮನ್ ಬಾರದೆ ಬಾಗಿಲು ತೆರೆಯುವುದು ಕಷ್ಟ. ಗಂಡ ಆಫೀಸಿಗೆ, ಮಗು ಕಿಟಾಕ್ಕೆ, ಹೊರಗೆ ಡಿಸೆಂಬರ್‌ನ ನಾಲ್ಕು ಗಂಟೆಯ ಕತ್ತಲು, ಮಾತಾಡಲು ಯಾರೂ ಇಲ್ಲ. ಆ ಚಳಿಗಾಲ ಎಷ್ಟೋ ಹೆಣ್ಣುಮಕ್ಕಳನ್ನು ಕುಗ್ಗಿಸಿದ್ದನ್ನು ನೋಡಿದ್ದೇನೆ. ಆಫರ್ ಬಂದ ದಿನದಿಂದಲೇ ಹೆಂಡತಿ ಭಾಷೆ ಕಲಿಯಲು ಶುರು ಮಾಡಲಿ. ಗಂಡನಿಗಿಂತ ಆಕೆಗೇ ಅದು ಹೆಚ್ಚು ಬೇಕು.

ದುಬೈಯ ಒಂಟಿತನ ಬೇಸಿಗೆಯದ್ದು. ಮೇಯಿಂದ ಸೆಪ್ಟೆಂಬರ್ ತನಕ ಮಗುವನ್ನು ಹಗಲು ಹೊರಗೆ ಬಿಡುವ ಹಾಗಿಲ್ಲ, ಮನೆ ಇಲ್ಲವಾದರೆ ಮಾಲ್. ಆದರೆ ಪಕ್ಕದ ಬಾಗಿಲು ತಟ್ಟಿದರೆ ಕಾಸರಗೋಡಿನವರೋ ಕುಂದಾಪುರದವರೋ ಇರುತ್ತಾರೆ. ವಾರಾಂತ್ಯಕ್ಕೆ ಕನ್ನಡ ಪಾಠಶಾಲೆ ಇದೆ, ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸುವವರೂ ಇದ್ದಾರೆ. ಬಂಗುಡೆ, ಕುಚ್ಚಲಕ್ಕಿ, ಬಸಳೆ, ಯಾವುದಕ್ಕೂ ಹುಡುಕಾಟ ಇಲ್ಲ. ಜರ್ಮನಿಯಲ್ಲಿ ಕುಚ್ಚಲಕ್ಕಿಗೆ ಶ್ರೀಲಂಕಾ ತಮಿಳರ ಅಂಗಡಿ, ಕೊತ್ತಂಬರಿ ಹಸಿಮೆಣಸಿಗೆ ಟರ್ಕಿಯವರ ಅಂಗಡಿ. ಭಾನುವಾರ ಅಂಗಡಿಗಳೆಲ್ಲ ಬಂದ್, ಶನಿವಾರ ಸಂಜೆಯೊಳಗೆ ಹಾಲು ತಂದಿಟ್ಟುಕೊಳ್ಳಬೇಕು. ರಾತ್ರಿ ಹತ್ತರ ಮೇಲೆ ಮಿಕ್ಸಿ ಬೇಡ. ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘ ಇದೆ, ಅಂತಹ ಊರಿನ ಹತ್ತಿರ ಕೆಲಸ ಸಿಕ್ಕರೆ ಒಳ್ಳೆಯದು. ಸಣ್ಣ ಊರಾದರೆ ಮನೆಯೊಳಗಿನ ಕನ್ನಡವೇ ಎಲ್ಲ.

ಕೆಲಸ ಹೋದರೆ? ದುಬೈಯಲ್ಲಿ ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ, ಕೊಟ್ಟ ಗಡುವಿನೊಳಗೆ ಬೇರೆ ಸಿಗದಿದ್ದರೆ ಶಾಲೆಯ ನಡುವೆಯೇ ಮೂಟೆ ಕಟ್ಟಬೇಕು. ಜರ್ಮನಿಯಲ್ಲಿ ಬ್ಲೂ ಕಾರ್ಡ್‌ನವರಿಗೆ 27 ತಿಂಗಳಿಗೆ, ಬಿ1 ಮಟ್ಟದ (ದಿನನಿತ್ಯದ ವ್ಯವಹಾರಕ್ಕೆ ಸಾಕಾಗುವಷ್ಟು) ಜರ್ಮನ್ ಇದ್ದರೆ 21 ತಿಂಗಳಿಗೇ ಕಾಯಂ ವಾಸದ ಅನುಮತಿ ಕೇಳಬಹುದು. ಆಮೇಲೆ ಉಸಿರು ನೆಟ್ಟಗಾಗುತ್ತದೆ. ಪೌರತ್ವಕ್ಕೆ ಅವಸರ ಮಾಡಬೇಡಿ, ಅದು ತಗೊಂಡರೆ ಭಾರತದ ಪಾಸ್‌ಪೋರ್ಟ್ ಬಿಡಲೇಬೇಕು. ಊರಿನಲ್ಲಿ ಅಡಿಕೆ ತೋಟ ಕೊಳ್ಳುವ ಆಸೆ ಇರುವವರಿಗೆ ಇನ್ನೊಂದು ವಿಷಯ: ಎನ್‌ಆರ್‌ಐ ಆದರೂ ಓಸಿಐ (ಬೇರೆ ದೇಶದ ಪೌರತ್ವ ತಗೊಂಡ ಭಾರತೀಯ ಮೂಲದವರ ಕಾರ್ಡ್) ಇದ್ದವರಾದರೂ ಕೃಷಿ ಭೂಮಿ ಕೊಳ್ಳುವಂತಿಲ್ಲ, ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು.

ಮೂರನೇ ದಾರಿಯೂ ಇದೆ, ನಮ್ಮ ಕಡೆ ಅದೇ ಹಳೆಯದು. ಗಂಡ ಅಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ. ಸಾಲ ತೀರಿಸಲು ಒಂದು ವರ್ಷ ಅಂತ ಹೋದರೆ ಸರಿ. ಆದರೆ ಅದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ಮಗು ಅಪ್ಪನನ್ನು ವಿಡಿಯೋ ಕಾಲ್‌ನಲ್ಲೇ ಕಾಣುತ್ತದೆ. ದುಡ್ಡು ಕಡಿಮೆ ಉಳಿದರೂ ಒಟ್ಟಿಗೆ ಹೋಗಿ ಅಂತಲೇ ನಾನು ಹೇಳುವುದು.

ಹಾಗಾದರೆ ಯಾರಿಗೆ ಯಾವುದು? ಮಗುವಿಗೆ ನಾಲ್ಕು ವರ್ಷದೊಳಗೆ, ಇಬ್ಬರೂ ಭಾಷೆ ಕಲಿಯಲು ತಯಾರು, ಇನ್ನೊಂದು ಮಗುವಿನ ಯೋಚನೆ ಇದೆ, ಊರಿನಲ್ಲಿ ಹೆತ್ತವರ ಜೊತೆ ಅಣ್ಣನೋ ತಂಗಿಯೋ ಇದ್ದಾರೆ ಅಂದರೆ ಜರ್ಮನಿ. ಹೆತ್ತವರಿಗೆ ನೀವೇ ದಿಕ್ಕು, ಮಗು ಈಗಾಗಲೇ ಎರಡನೆಯೋ ಮೂರನೆಯೋ ತರಗತಿ, ಕೆಲವು ವರ್ಷದಲ್ಲಿ ಮನೆ ಕಟ್ಟಿ ವಾಪಸ್ ಬರಬೇಕು ಅಂದರೆ ದುಬೈ.

ಹೊರಡುವ ತಿಂಗಳನ್ನೂ ಆರಿಸಿಕೊಳ್ಳಿ. ದುಬೈಗೆ ಶಾಲೆ ಶುರುವಾಗುವ ಏಪ್ರಿಲ್‌ಗೆ ಮೊದಲು, ಮಾರ್ಚ್‌ನಲ್ಲಿ ಹೋದರೆ ಬಿಸಿಲು ಏರುವ ಮೊದಲೇ ಮನೆ, ಶಾಲೆ ಎಲ್ಲ ಕುದುರುತ್ತದೆ. ಮದುವೆ ಸರ್ಟಿಫಿಕೇಟು, ಮಗುವಿನ ಜನನ ಪತ್ರಕ್ಕೆ ವಿದೇಶಾಂಗ ಇಲಾಖೆ ಮತ್ತು ಯುಎಇ ರಾಯಭಾರ ಕಚೇರಿಯ ಮುದ್ರೆ ಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಜರ್ಮನಿಗೆ ನವೆಂಬರ್‌ನಲ್ಲಿ ಮಾತ್ರ ಹೋಗಬೇಡಿ. ಮೇ, ಜೂನ್‌ನಲ್ಲಿ ಹೋಗಿ, ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ, ಆಟದ ಮೈದಾನದಲ್ಲಿ ಬೇರೆ ಅಮ್ಮಂದಿರ ಪರಿಚಯ ಆಗುತ್ತದೆ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಕಿಟಾದ ಹೊಸ ವರ್ಷ ಶುರುವಾಗುವಾಗ ಜಾಗ ಸಿಗುವ ಸಾಧ್ಯತೆಯೂ ಜಾಸ್ತಿ.